ಮದುವೆಯ ಚಿತ್ರ ಮನೆಯವರ ಕೈಯಿಂದಲೇ ಆಗಲಿ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಲಾಯಿತು. ಇಂದಿಗೂ ಅಲ್ಲಿಯೂ, ದ್ವೀಪದ ಕೆಳತುದಿಯ ಸಂಗಮದಲ್ಲಿಯೂ ಅಸ್ಥಿ ಬಿಡಲು ಬಂದ ಕುಟುಂಬಗಳು ನೀರಿಗಿಳಿಯುತ್ತವೆ. ಅದೇ ಸಂಗಮದ ದಡದಲ್ಲಿ, ಮದುವೆ ನಿಶ್ಚಯವಾದ ಯುವಕ ಯುವತಿಯರು ಬಣ್ಣದ ಹೊಗೆಯ ನಡುವೆ ಓಡಿಬರುವುದೂ, ಕ್ಯಾಮೆರಾದವನ ಸನ್ನೆಗೆ ತಕ್ಕಂತೆ ನಗುವುದೂ ಈಗ ಅಪರೂಪದ ನೋಟವಲ್ಲ. ತಂದೆಗೆ ತರ್ಪಣ ಬಿಡುತ್ತಿರುವವನನ್ನು ಚಿತ್ರದ ಚೌಕಟ್ಟಿನಿಂದ ಸರಿಯಿರೆಂದು ಕೇಳುವ ಧೈರ್ಯ ಸಮಾಜಕ್ಕೆ ಎಲ್ಲಿಂದ ಬಂತೆಂಬುದು ವಿಚಾರಣೀಯ.

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ, ಮೇಲುಕೋಟೆಯ ಕಲ್ಯಾಣಿ ಮತ್ತು ಪೂರ್ತಿಯಾಗದೆ ನಿಂತ ರಾಯಗೋಪುರ, ಕೃಷ್ಣರಾಜಪೇಟೆಯ ಹೊಸಹೊಳಲಿನ ಹೊಯ್ಸಳ ಗುಡಿ ಎಲ್ಲವೂ ಈ ವ್ಯವಹಾರಕ್ಕೆ ಹಿನ್ನೆಲೆಯ ಪರದೆಗಳಾಗಿವೆ. 1991ರಲ್ಲಿ ತೆರೆಕಂಡ ತಮಿಳಿನ 'ದಳಪತಿ'ಗೆ ಮೇಲುಕೋಟೆಯಲ್ಲಿ ಚಿತ್ರೀಕರಣ ನಡೆದಿತ್ತು. ಅವರು ನಟರು, ನಟಿಸಿದರು, ಬಣ್ಣ ತೊಳೆದುಕೊಂಡು ಹೊರಟರು. ಬಾಳುವುದಕ್ಕೆಂದು ಹೊರಟವರು ಅದೇ ಕಂಬಗಳ ನಡುವೆ ನಿಂತು ನಟರನ್ನು ಅನುಕರಿಸುವುದಕ್ಕೆ ಯಾವ ಅರ್ಥವಿದೆ? ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಆ ಹೆಸರು ಬಂದದ್ದೇ ಪಂಚಕೂಟ ಬಸದಿಯ ಮುಂದಿನ ಎತ್ತರದ ಸ್ತಂಭದಿಂದ. ನೋಡಿದವನ ಮಾನಕಷಾಯ ಕರಗಲೆಂದು ಬಸದಿಯ ಮುಂದೆ ಮಾನಸ್ತಂಭವನ್ನು ನಿಲ್ಲಿಸುವ ಸಂಪ್ರದಾಯ ಹುಟ್ಟಿತು. ಅಂಥ ಕಂಬಕ್ಕೆ ಒರಗಿ, ತನ್ನ ರೂಪ ಪರದೆಯ ಮೇಲೆ ಹೇಗೆ ಬಂದಿದೆಯೆಂದು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವವನಿಗೆ ಆ ಕಂಬದ ಅರ್ಥವನ್ನು ಹೇಳಿಕೊಡದೆ ಬಿಟ್ಟ ಹಿರಿಯರದೂ ತಪ್ಪಿದೆ.

ಇಷ್ಟರಿಂದ ಮದುವೆಯ ವಿಡಿಯೋ ಎಂಬುದೇ ಬೇಡವೆಂದು ಹೇಳಹೊರಟರೆ ಅದು ಅತಿರೇಕ. 2019ರಲ್ಲಿ ಭೋಪಾಲದ ಜೈನ, ಗುಜರಾತಿ ಮತ್ತು ಸಿಂಧಿ ಸಮಾಜಗಳ ಸಂಘಟನೆಗಳು 'ಪ್ರೀ-ವೆಡ್ಡಿಂಗ್ ಶೂಟ್' ನಿಷೇಧಿಸಿ ನಿರ್ಣಯ ಮಾಡಿದವು. ನಿರ್ಣಯ ಮಾಡುವುದು ಸುಲಭ. ನಿಷೇಧಿಸಿದ ಜಾಗದಲ್ಲಿ ಏನನ್ನು ಇಡಬೇಕೆಂದು ಹೇಳದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಯುವಜನರಿಗೆ ತಮ್ಮ ಮದುವೆಯ ನೆನಪು ಉಳಿಯಬೇಕೆಂಬ ಆಸೆಯಿದೆ, ಅದು ದೋಷವಲ್ಲ. ನೆನಪಿನ ಬದಲು ನಟನೆಯನ್ನು ಕೊಳ್ಳುವುದು ದೋಷ. ನಡೆಯದಿದ್ದುದನ್ನು ನಡೆದಂತೆ ತೋರಿಸುವುದಕ್ಕೆ ಶಾಸ್ತ್ರ ಕೊಟ್ಟ ಹೆಸರು ಮಾಯಾಚಾರ. ದಾಂಪತ್ಯವನ್ನು ಅದರಿಂದಲೇ ಆರಂಭಿಸಬೇಕೆ?

ನಟನೆಯ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಿದೆ. 2020ರ ನವೆಂಬರ್‌ನಲ್ಲಿ, ಇದೇ ಕಾವೇರಿಯ ಕೆಳಹರಿವಿನಲ್ಲಿ, ತಲಕಾಡಿನ ಬಳಿ, ಚಿತ್ರಕ್ಕೆಂದು ತೆಪ್ಪವೇರಿದ ವಧೂವರರಿಬ್ಬರೂ ತೆಪ್ಪ ಮಗುಚಿ ನೀರುಪಾಲಾದರು. ಅದೇ ತಿಂಗಳು ಅವರ ಮದುವೆ ನಡೆಯಬೇಕಿತ್ತು. ಆಕಾಶಕ್ಕೆ ಡ್ರೋನ್ ಹಾರಿಸುವವರೂ ಒಂದು ಮಾತನ್ನು ಯೋಚಿಸಲಿ: 1940ರಲ್ಲಿ ಧಾಮವೆಂದು ಘೋಷಿತವಾಗಿ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು ಶ್ರೀರಂಗಪಟ್ಟಣಕ್ಕೆ ಅತಿ ಸಮೀಪದಲ್ಲಿದೆ. ಮರಿಗಳಿರುವ ಗೂಡಿಗೆ ಆ ಯಂತ್ರದ ಸದ್ದು ಮಂಗಳವಾದ್ಯವಲ್ಲ.

ಮಂಟಪದೊಳಗಿನ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ. ಧಾರೆ ಎರೆಯುವಾಗ ಮೂರು ನಾಲ್ಕು ಮಂದಿ ಕ್ಯಾಮೆರಾದವರ ಬೆನ್ನುಗಳು ಮುಂದಿನ ಸಾಲಿನ ಅಜ್ಜಿಯರಿಗೆ ಗೋಡೆಯಾಗುತ್ತವೆ. ಮಾಂಗಲ್ಯದ ಗಂಟು ಹಾಕುವ ಕೈಯನ್ನು ತಡೆದು, 'ಇನ್ನೊಮ್ಮೆ, ಇತ್ತ ನೋಡಿ' ಎನ್ನುವ ಮಾತಿಗೆ ಪುರೋಹಿತರೂ ಸುಮ್ಮನಾಗುತ್ತಾರೆ. ಎರಡನೆಯ ಬಾರಿ ಇಟ್ಟ ಸಪ್ತಪದಿಯ ಹೆಜ್ಜೆ ಪ್ರತಿಜ್ಞೆಯೋ, ತಾಲೀಮೋ? ಸೂರ್ಯಾಸ್ತದ ಹೊಂಬಣ್ಣ ಚಿತ್ರಕ್ಕೆ ಚೆನ್ನವೆಂದು ಊಟದ ಎಲೆಯನ್ನು ಕತ್ತಲಿನವರೆಗೆ ತಡೆದ ಮದುವೆಗಳಲ್ಲಿ, ರಾತ್ರಿಭೋಜನ ತ್ಯಾಗದ ವ್ರತವಿರುವ ಹಿರಿಯರು ಉಪವಾಸದಲ್ಲಿಯೇ ಮಲಗಬೇಕಾಗುತ್ತದೆ. ಪ್ರಖರ ದೀಪಗಳಿಗೆ ಬಿದ್ದು ಸಾಯುವ ಪತಂಗಗಳ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ.

ಆದುದರಿಂದ ಚಿತ್ರವನ್ನು ಮನೆಯವರೇ ಮಾಡಲಿ. ಕೈಯಲ್ಲಿರುವ ಮೊಬೈಲು ಸಾಕು. ಮದುವೆಗೆ ಒಂದು ತಿಂಗಳ ಮೊದಲೇ ವಧೂವರರು ಒಡಹುಟ್ಟಿದವರೊಡನೆ ಕುಳಿತು, ಯಾವುದು ಉಳಿಯಬೇಕೆಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಿ. ಮೊದಲ ಹೆಸರು ಮನೆಯ ಅತಿ ಹಿರಿಯರದಾಗಿರಲಿ. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಅಜ್ಜಿಯನ್ನು ಕೂರಿಸಿ, ಆಕೆಯ ಮದುವೆ ಎಷ್ಟು ದಿನ ನಡೆಯಿತು, ದಿಬ್ಬಣ ಹೇಗೆ ಬಂತು, ತವರಿನಿಂದ ಹೊರಟಾಗ ಸೆರಗಿನಲ್ಲಿ ಏನು ಕಟ್ಟಿಕೊಟ್ಟರು ಎಂದು ಕೇಳಲಿ. ಕೇಳಿದವರು ಮಧ್ಯೆ ಬಾಯಿ ಹಾಕಬಾರದು. ಚಪ್ಪರ ಹಾಕುವವರು, ಅಡುಗೆಯವರು ಹೆಚ್ಚುವ ಸೌತೆಕಾಯಿ, ಬಳೆ ತೊಡಿಸುವ ಕೈ ಇವೆಲ್ಲ ಯಾರೂ ನಿರ್ದೇಶಿಸದೆ ತಾವಾಗಿ ನಡೆಯುವ ಸಂಗತಿಗಳು, ಅವುಗಳಲ್ಲಿಯೇ ಮದುವೆಯಿದೆ. ಮುಹೂರ್ತಕ್ಕೆ ಒಂದು ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಮಂಟಪದ ಪಕ್ಕದಲ್ಲಿ, ಯಾರ ನೋಟಕ್ಕೂ ಅಡ್ಡವಾಗದಂತೆ, ಅಡ್ಡಡ್ಡಲಾಗಿ ನಿಲ್ಲಿಸಿ, ಆರಂಭಿಸಿ, ಹಾಗೆಯೇ ಬಿಡಬೇಕು. ಕಾಣದೆ ಹೋದದ್ದು ಕಾಣದೆ ಹೋಯಿತು; ಮತ್ತೊಮ್ಮೆ ಮಾಡಿಸುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿ. ಈ ಸೀಮೆಯ ಹೆಂಗಸರು ಹಸೆಗೆ ಕರೆಯುವಾಗ, ಹೆಣ್ಣೊಪ್ಪಿಸುವಾಗ ಹಾಡುವ ಸೋಬಾನೆ ಪದಗಳು ಮದುವೆಯ ಚಿತ್ರದಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ. ಅವುಗಳ ಧ್ವನಿಯನ್ನು ಅಳಿಸಿ ಆ ಜಾಗಕ್ಕೆ ಸಿನಿಮಾ ಹಾಡನ್ನು ತುಂಬಿರುತ್ತಾರೆ. ಹಾಡುವವರ ಬಳಿಯಲ್ಲಿ ಇನ್ನೊಂದು ಮೊಬೈಲನ್ನು ಇಟ್ಟರೆ, ಚಿತ್ರಕ್ಕೆ ಬೇರೆ ಸಂಗೀತವೇ ಬೇಕಾಗದು. ಕೊನೆಗೆ ಜೋಡಿಸುವಾಗ ಅರ್ಧ ಗಂಟೆಗೆ ಮೀರದಂತೆ ಕತ್ತರಿಸಿ, ಕಾಣಿಸಿಕೊಂಡ ಹಿರಿಯರ ಹೆಸರು, ಊರು, ತಾರೀಖುಗಳನ್ನು ಬರೆದು ಸೇರಿಸಬೇಕು. ಹೆಸರಿಲ್ಲದ ಮುಖ ಮೊಮ್ಮಕ್ಕಳ ಕಾಲಕ್ಕೆ ಅಪರಿಚಿತರ ಮುಖವೇ.

ಸ್ಟುಡಿಯೋಗಳವರ ಹೊಟ್ಟೆಪಾಡಿನ ಪ್ರಶ್ನೆ ಏಳುತ್ತದೆ, ಏಳಬೇಕಾದದ್ದೇ. ನಾಗಮಂಗಲ, ಕೃಷ್ಣರಾಜಪೇಟೆಗಳ ಪುಟ್ಟ ಸ್ಟುಡಿಯೋದವನು ಗಿರಾಕಿ ಕೇಳಿದ್ದನ್ನು ಕೊಡುವ ವರ್ತಕ, ತಪ್ಪು ಕೇಳಿದವನದು. ಮುಹೂರ್ತದ ನಾಲ್ಕು ಒಳ್ಳೆಯ ಛಾಯಾಚಿತ್ರಗಳಿಗೆ ಅವನನ್ನು ಕರೆದು, ಚೌಕಾಸಿ ಮಾಡದೆ ಪೂರ್ಣ ಕೂಲಿ ಕೊಟ್ಟು, ಮೊದಲ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಲಿ. ಸಾಲ ಮಾಡಿ ಡ್ರೋನ್ ತರಿಸಿದ ಗೃಹಸ್ಥರು ಎಷ್ಟೋ ವೇಳೆ ಅವನ ಬಾಕಿಯನ್ನೇ ಆರು ತಿಂಗಳು ಎಳೆಯುತ್ತಾರೆ.

ಇನ್ನು ಸವಕಳಿಯ ಲೆಕ್ಕ. ಮೂವತ್ತು ವರ್ಷಗಳ ಹಿಂದೆ ದುಬಾರಿ ಹಣ ತೆತ್ತು ಮಾಡಿಸಿದ ಮದುವೆಯ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಮೂಕವಾಗಿ ಬಿದ್ದಿವೆ. ವಿ.ಸಿ.ಆರ್. ಯಂತ್ರ ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫುನಾಯ್ ಕೂಡ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಹೊಸ ಚಿತ್ರದ ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಬೇಕು, ಕೆಲವು ವರ್ಷಗಳಿಗೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು. ಆದರೆ ಮೊದಲು ಆ ಹಳೆಯ ಕ್ಯಾಸೆಟ್ಟುಗಳನ್ನು ಹೊರತೆಗೆಯಲಿ. ತೀರಿಹೋದ ಅಜ್ಜ ಎಲೆ ಅಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುವ ದೃಶ್ಯ ಅವುಗಳಲ್ಲೊಂದರಲ್ಲಿ ಇರಬಹುದು. ಟೇಪಿಗೆ ಬೂಷ್ಟು ಹಿಡಿಯುತ್ತಿದೆ.