ಆರೋಪ ಮರದ ಮೇಲೆ, ಬಿಲ್ಲು ಮನೆಯವನ ಮೇಲೆ

ರಾತ್ರಿ ಪಾಳಿ ಮುಗಿಸಿ ಮಿಲ್ಲಿನಿಂದ ಬಂದವನು ಬಚ್ಚಲಿಗೆ ಕಾಲಿಟ್ಟರೆ ಹೊಲಸು ನೀರು ಉಕ್ಕಿ ನಿಂತಿದೆ. ಪೇಟೆಬೀದಿಯ ಕಿರಾಣಿ ಅಂಗಡಿಯಲ್ಲಿ ಅದೇ ನೀರು ಹಿಂದಿನ ಕೋಣೆಗೆ ನುಗ್ಗಿ ಮೂಟೆಗಳು ನೆನೆದಿವೆ. ದೂರು ಹೇಳಲು ನಗರಸಭೆಗೆ ಹೋದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಕೊಳವೆಯೊಳಗೆ ಮರದ ಬೇರು ಹೊಕ್ಕಿದೆ, ಮನೆಯಿಂದ ಬೀದಿಯ ಚರಂಡಿಯವರೆಗಿನ ಕೊಳವೆ ನಿಮ್ಮದು, ನೀವೇ ಅಗೆಸಿಕೊಳ್ಳಿ.

ರಸ್ತೆ ನಗರಸಭೆಯದು, ಸಾಲುಮರ ನಗರಸಭೆಯದು, ನಮ್ಮಿಂದ ಹಣ ಕಟ್ಟಿಸಿಕೊಂಡು ಕೊಳವೆ ಹೂಳಿದ ಗುತ್ತಿಗೆದಾರನೂ ನಗರಸಭೆಯವನೇ. ಖರ್ಚು ಮಾತ್ರ ನಮ್ಮದು! ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ಗಟ್ಟಿಯಾದ ಕೊಳವೆಯನ್ನು ಒಡೆದುಕೊಂಡು ಬೇರು ಒಳಗೆ ಬರುವುದು ಅಪರೂಪ. ಅದು ತೇವವನ್ನು ಹಿಂಬಾಲಿಸಿ ಬರುತ್ತದೆ. ಜಾಯಿಂಟು ಸಡಿಲಾಗಿ ಒಂದಿಷ್ಟು ನೀರು ಸುತ್ತಲಿನ ಮಣ್ಣಿಗೆ ಜಿನುಗಿದರೆ ಸಾಕು, ಕೂದಲೆಳೆಯಂಥ ಬೇರು ಆ ಸಂದಿನಲ್ಲಿ ತೂರುತ್ತದೆ. ಒಳಗೆ ನೀರೂ ಉಂಟು, ಗೊಬ್ಬರವೂ ಉಂಟು. ಅಲ್ಲಿ ಜಡೆಯಂತೆ ಹಬ್ಬಿ, ಬಟ್ಟೆ ಚೂರು, ಜಿಡ್ಡು, ಕೂದಲನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಸಂದಿನಲ್ಲಿ ಬೇರು ಬಲಿತಂತೆ ಸಂದೂ ಅಗಲವಾಗುತ್ತದೆ. ಅರಳಿ, ಗೋಣಿ, ಆಲ ಈ ಕೆಲಸದಲ್ಲಿ ಮುಂದು.

ಇನ್ನು ನಮ್ಮ ಕೇರಿಯ ಕೊಳವೆಯ ಲೆಕ್ಕ. ಹಳೆಯ ಸ್ಟೋನ್‌ವೇರ್ ಕೊಳವೆಯ ಒಂದು ತುಂಡು ಎರಡಡಿ. ಮೂವತ್ತಡಿ ದೂರಕ್ಕೆ 15 ತುಂಡು, ನಡುವೆ 14 ಜಾಯಿಂಟು. ಪ್ರತಿಯೊಂದಕ್ಕೂ ಸಿಮೆಂಟು ನೀರಿನಲ್ಲಿ ಅದ್ದಿದ ಹುರಿ ತುರುಕಿ, ಸುತ್ತ ಗಾರೆ ಕಟ್ಟಿ, ಕೆಲವು ದಿನ ನೀರುಣಿಸಬೇಕು. ಗುಂಡಿ ಮುಚ್ಚುವ ಮೊದಲು ಕೊಳವೆಯಲ್ಲಿ ನೀರು ತುಂಬಿ ಸೋರಿಕೆ ಪರೀಕ್ಷಿಸಬೇಕು. ಈ ಪರೀಕ್ಷೆಯನ್ನು ಕಣ್ಣಾರೆ ಕಂಡವರು ನಮ್ಮ ಓದುಗರಲ್ಲಿ ಎಷ್ಟು ಮಂದಿ? ಬೆಳಿಗ್ಗೆ ಗುಂಡಿ ತೋಡಿ ಸಂಜೆ ಮಣ್ಣು ಮುಚ್ಚಿದ್ದನ್ನು ಕಂಡವರು ನಾವು. ಬೇರಿಗೆ ಬಾಗಿಲು ತೆರೆದಿಟ್ಟವರು ಯಾರೆಂದು ಇನ್ನು ಹೇಳಬೇಕೆ?

ಬಾಗಿಲು ಮುಚ್ಚದೆ ಮಾಡುವ ಚಿಕಿತ್ಸೆಯೆಲ್ಲ ದಂಡ. ಮೈಲುತುತ್ತ ಸುರಿದರೆ ತಗುಲಿದಷ್ಟು ಬೇರು ಸಾಯುತ್ತದೆ. ಸಂದು ಹಾಗೆಯೇ ಇದ್ದರೆ ಮತ್ತೆ ಚಿಗುರುತ್ತದೆ. ಆ ತಾಮ್ರದ ವಿಷ ಕೆರೆ ಸೇರಿದರೆ ಮೀನಿಗೆ ಕುತ್ತು. ಆಸಿಡ್ ಸುರಿಯುವವರೂ ಇದ್ದಾರೆ. ಚರಂಡಿಯ ಹೊಲಸಿಗೆ ಆಸಿಡ್ ಬಿದ್ದರೆ ಪ್ರಾಣ ತೆಗೆಯುವ ಗಾಳಿ ಏಳುತ್ತದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ನಗರಸಭೆ ಕೈಕೊಟ್ಟಾಗ ನಾವು ಮಾಡುವುದೇನು? ಕತ್ತಲಾದ ಮೇಲೆ ಯಾವನೋ ಬಡವನನ್ನು ಕರೆತಂದು, ಕೈಗೆ ಒಂದಿಷ್ಟು ನೋಟು ತುರುಕಿ, ಕತ್ತಿ ಕೊಟ್ಟು ಮ್ಯಾನ್‌ಹೋಲಿಗೆ ಇಳಿಸುತ್ತೇವೆ. ಅವನ ಜಾತಿ ಯಾವುದೆಂದು ಕೇಳುವುದಿಲ್ಲ, ಕೇಳದೆಯೇ ಗೊತ್ತಿರುತ್ತದೆ! ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗ ನಿಲ್ಲಿಸಿದರು. ರಕ್ಷಣೆಯಿಲ್ಲದೆ ಚರಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿಸಿದವನು ಮನೆಯವನಾದರೂ ಅದು ಬಿಡುವುದಿಲ್ಲ. ಸತ್ತವನ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಮಿಲ್ಲಿನ ಯಂತ್ರಕ್ಕೆ ಬೆರಳು ಸಿಕ್ಕಿದರೆ ಗೇಟಿನೆದುರು ಕೂಗುವ ನಾವು, ನಮ್ಮ ಬಚ್ಚಲಿಗಾಗಿ ಇನ್ನೊಬ್ಬ ದುಡಿಯುವವನ ಉಸಿರು ಕಟ್ಟಿಸಬಹುದೆ?

ಕೆಲವರು ಮರವನ್ನೇ ಕಡಿಸಿ ಎನ್ನುತ್ತಿದ್ದಾರೆ. ಬೇಸಗೆಯಲ್ಲಿ ಆ ನೆರಳಿಲ್ಲದೆ ತಳ್ಳುಗಾಡಿಯವನು ಎಲ್ಲಿ ನಿಲ್ಲಬೇಕು? ಅಧಿಕಾರಿಯ ಅನುಮತಿಯಿಲ್ಲದೆ ಕಡಿಯುವುದಕ್ಕೆ 1976ರ ಮರ ಸಂರಕ್ಷಣಾ ಕಾಯಿದೆಯ ಅಡ್ಡಿಯೂ ಇದೆ.

ಬೇರು ಕತ್ತರಿಸುವ, ಒತ್ತಡದ ನೀರು ಹಾಯಿಸುವ ಜೆಟ್ಟಿಂಗ್ ಯಂತ್ರ ಕೇರಿಗೂ ಬರಲಿ, ಬರೇ ಬಡಾವಣೆಗಲ್ಲ. ರಸ್ತೆಯಡಿಯ ಹಳೆಯ ಕೊಳವೆಯನ್ನು ನಗರಸಭೆ ತನ್ನ ಖರ್ಚಿನಲ್ಲಿ ಬದಲಿಸಲಿ. ಇಪ್ಪತ್ತಡಿಯ ಪಿವಿಸಿ ಕೊಳವೆ ಹಾಕಿದರೆ ಮೂವತ್ತಡಿಗೆ ಒಂದೇ ಜಾಯಿಂಟು. ಅದಕ್ಕೂ ನಮ್ಮೆದುರಿಗೇ ನೀರು ತುಂಬಿ ತೋರಿಸಲಿ. ಮನೆಯೊಳಗೆ ನಾವೇ ಹಾಕಿಸಿದ್ದು ಸೋರಿದರೆ ಅದರ ಹೊರೆ ನಮಗಿರಲಿ, ತಕರಾರಿಲ್ಲ. ಅಲ್ಲಿಯವರೆಗೆ ಬೇರು ಎಂಬ ಬಾಯಿಮಾತಿನ ಉತ್ತರಕ್ಕೆ ಯಾರೂ ಮನೆಗೆ ಹಿಂತಿರುಗಬೇಡಿ. ದೂರನ್ನು ಬರೆದು ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆದೇ ಬನ್ನಿ.