ಕಡಲಿನ ದ್ವೀಪವೂ ಕೃಷ್ಣೆಯ ಗಡ್ಡೆಯೂ

೨೦೨೪ರ ಜನವರಿ ಮೊದಲ ವಾರದಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಭೇಟಿಯಿತ್ತ ಚಿತ್ರಗಳು ಪ್ರಕಟವಾದವು. ಅಲ್ಲಿಂದೀಚೆಗೆ ಆ ದ್ವೀಪಗಳ ಹೆಸರು ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿಯೂ ರಜೆಯ ಮಾತಿನೊಡನೆ ಸೇರಿಕೊಂಡಿದೆ. ಅದೇ ತಿಂಗಳ ಕೊನೆಯಲ್ಲಿ ಇನ್ನೊಂದು ಚಿತ್ರವೂ ಹೊರಬಂದಿತ್ತು. ನಮ್ಮ ಕುಮಾರಪರ್ವತದ ಹಾದಿಯಲ್ಲಿ ಚಾರಣಿಗರು ಜಾತ್ರೆಯಂತೆ ಸಾಲುಗಟ್ಟಿ ನಿಂತ ಚಿತ್ರ ಅದು. ಅದನ್ನು ಕಂಡ ಮೇಲೆ ಸರ್ಕಾರ ಫೆಬ್ರವರಿ ೧ರಿಂದ ಅಲ್ಲಿಯ ಚಾರಣವನ್ನು ತಡೆಯಬೇಕಾಯಿತು. ಮೊದಲನೆಯ ಚಿತ್ರ ಜನರನ್ನು ಕರೆಯಿತು. ಜನ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಎರಡನೆಯದು ತೋರಿಸಿತು. ಬೆಟ್ಟದ ಮೇಲೆ ಬಾಳುವ ನಮಗೆ ಎರಡನೆಯದರ ಅನುಭವ ಬೇಕಾದಷ್ಟಿದೆ. ಆದ್ದರಿಂದ ಮೊದಲನೆಯದರ ಬಗೆಗೆ ನಾವು ಮಾತನಾಡುವುದು ಅಧಿಕಪ್ರಸಂಗವಾಗಲಾರದು.

ರಾಯಚೂರು ತಾಲ್ಲೂಕಿನ ಮಟಮಾರಿಯಲ್ಲಿರುವ ನನ್ನ ಗೆಳೆಯರೊಬ್ಬರು ಈ ಸಲದ ರಜೆಗೆ ಇಬ್ಬರೂ ಕೂಡಿ ಲಕ್ಷದ್ವೀಪಕ್ಕೆ ಹೋಗಿಬರೋಣವೆಂದು ಕೇಳಿದ್ದಾರೆ. “ನಿಮಗ ಮಳಿ, ಹಳ್ಳ, ಹೊಳಿ ಎಲ್ಲಾ ಮನಿ ಬಾಗಿಲಿಗೇ ಅದ. ನಾವು ಒಮ್ಮೆರೆ ನೀರಿನ ನಡುವ ನಾಕು ದಿನ ಇರಬ್ಯಾಡೇನ್ರಿ?” ಎಂಬುದು ಅವರ ವಾದ. ಈ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ಹತ್ತಿಯ ಹೊಲದ ಕರಿಮಣ್ಣು, ಎರಡು ದೊಡ್ಡ ನದಿಗಳ ನಡುವೆ ಇದ್ದೂ ಕುಡಿಯುವ ನೀರಿಗೆ ಪರದಾಡುವ ಹಳ್ಳಿಗಳು: ಇವುಗಳ ನಡುವೆ ಬಾಳುವವರಿಗೆ ನೀಲಿ ನೀರಿನ ಆಸೆ ಹುಟ್ಟುವುದು ಸಹಜವೇ. ವರ್ಷವಿಡೀ ಹಸಿರನ್ನು ನೋಡುವ ನಾವು ಅವರಿಗೆ ಪ್ರವಾಸದ ನೀತಿಪಾಠ ಹೇಳಹೊರಟರೆ ಅದು ಉಂಡವರು ಹಸಿದವರಿಗೆ ಉಪವಾಸವ್ರತ ಬೋಧಿಸಿದಂತಾದೀತು. ಹಾಗಾಗಿ ಹೋಗುವುದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಮೊದಲು, ನಾವು ಹೋಗುವ ಜಾಗ ಎಂಥದು ಎಂಬುದನ್ನು ತಿಳಿಯಬೇಕು.

ದ್ವೀಪವೆಂದರೆ ಖಾಲಿ ಜಾಗವಲ್ಲ

ಲಕ್ಷದ್ವೀಪದ ಒಟ್ಟು ನೆಲ ಸುಮಾರು ೩೨ ಚದರ ಕಿಲೋಮೀಟರು. ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕದು. ೩೬ ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ೨೦೧೧ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ೬೪ ಸಾವಿರಕ್ಕೂ ಹೆಚ್ಚು. ಅಂದರೆ ಪ್ರತಿ ಚದರ ಕಿಲೋಮೀಟರಿಗೆ ಎರಡು ಸಾವಿರದಷ್ಟು ಜನ. ಅದೇ ಗಣತಿಯಲ್ಲಿ ಕರ್ನಾಟಕದ ಸಾಂದ್ರತೆ ೩೧೯ ಮಾತ್ರ. ಜಾಹೀರಾತಿನಲ್ಲಿ ಕಾಣುವ ನಿರ್ಜನ ಮರಳದಂಡೆಯ ಹಿಂದೆ ಇಷ್ಟು ಕಿಕ್ಕಿರಿದ ಊರುಗಳಿವೆ ಎಂಬುದನ್ನು ಪ್ರವಾಸಿಗೆ ಯಾರೂ ಹೇಳುವುದಿಲ್ಲ.

ಕನ್ನಡಿಗರಿಗೂ ಈ ದ್ವೀಪಗಳಿಗೂ ಇರುವ ನಂಟು ಇಂದುನಿನ್ನೆಯದಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನಿದಿವಿ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದವು. ನಮ್ಮ ರಾಜ್ಯ ಏಕೀಕರಣಗೊಂಡ ನವೆಂಬರ್ ೧ರಂದೇ ಅವು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಮನೆ ಕಟ್ಟುವ ಕಲ್ಲು ಜಲ್ಲಿಗಳನ್ನು ಮಂಜಿಗಳು ಹೊತ್ತೊಯ್ಯುತ್ತ ಬಂದಿವೆ. ಹೊರಗಿನಿಂದ ಒಂದು ಕಲ್ಲು ಬರಬೇಕಾದರೂ ಹಡಗನ್ನು ಕಾಯುವ ಊರು ಅದು. ಅಲ್ಲಿಗೆ ಹೋಗುವ ಪ್ರತಿ ಅತಿಥಿಯ ಊಟ, ಸ್ನಾನ, ಕಸಗಳ ಲೆಕ್ಕವನ್ನೂ ಈ ಇಕ್ಕಟ್ಟಿನಲ್ಲಿಯೇ ಹಾಕಬೇಕು.

ನೀರಿನ ಮಾತನ್ನೇ ನೋಡೋಣ. ಹವಳದ ದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ತೇಲುತ್ತದೆ. ಬಾವಿಯಿಂದ ಹದವಾಗಿ ಮೊಗೆದರೆ ಅದು ಉಳಿಯುತ್ತದೆ. ಪಂಪು ಹಚ್ಚಿ ಎಳೆದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ಬಚ್ಚಲಿನ, ಪಾಯಿಖಾನೆಯ ನೀರು ಇಂಗುವುದೂ ಅದೇ ಮರಳಿನಲ್ಲಿ. ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕವೊಂದು ೨೦೦೫ರಲ್ಲಿ ಕವರತ್ತಿಯಲ್ಲಿ ಆರಂಭವಾಯಿತು; ಅದರ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರು. ಅದು ಅಲ್ಲಿಯ ಜನರ ಬಾಯಾರಿಕೆಗೆಂದು ಬಂದದ್ದು, ವಿಲ್ಲಾಗಳ ಈಜುಕೊಳಗಳಿಗೆಂದು ಅಲ್ಲ.

ಹವಳ ಸಾಯುತ್ತಿರುವುದು ಯಾವುದರಿಂದ?

ಈ ದ್ವೀಪಗಳನ್ನು ಕಟ್ಟಿದ್ದು ಹವಳದ ಹುಳುಗಳು. ಇಂದಿಗೂ ಅಲೆಯ ಹೊಡೆತದಿಂದ ಕಾಯುತ್ತಿರುವುದೂ ಹವಳದ ದಿಬ್ಬಗಳೇ. ಸಮುದ್ರದ ನೀರು ಮಿತಿಮೀರಿ ಕಾದಾಗ ಹವಳ ತನ್ನೊಳಗಿರುವ ಪಾಚಿಯನ್ನು ಹೊರದೂಡಿ ಬಿಳುಪೇರುತ್ತದೆ. ಕಾವು ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ರಲ್ಲಿ ಹೀಗಾಯಿತು. ೨೦೨೪ರಲ್ಲಿ ಮತ್ತೆ ಆಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ೧೯೯೮ರಿಂದ ಅಲ್ಲಿಯ ದಿಬ್ಬಗಳನ್ನು ಅಳೆಯುತ್ತ ಬಂದಿದ್ದಾರೆ. ಆಗ ಶೇಕಡ ೩೭ರಷ್ಟಿದ್ದ ಜೀವಂತ ಹವಳದ ಹೊದಿಕೆ ೨೦೨೨ರ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುವುದನ್ನು ಅವರು ದಾಖಲಿಸಿದ್ದಾರೆ. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳಲು ಹವಳಕ್ಕೆ ವರ್ಷಗಳು ಬೇಕು. ಮುಂದಿನ ಪೆಟ್ಟು ಅಷ್ಟರೊಳಗೇ ಬೀಳುತ್ತಿದೆ. ಬಂಗಾರಂ ಬಳಿಯ ಪರಳಿ-೧ ಎಂಬ ನಿರ್ಜನ ದ್ವೀಪ ಕೊರೆತಕ್ಕೆ ಸಿಕ್ಕಿ ಪೂರ್ತಿ ಇಲ್ಲವಾಗಿದೆಯೆಂದು ೨೦೧೭ರಲ್ಲಿಯೇ ಒಂದು ಅಧ್ಯಯನ ತಿಳಿಸಿತು.

ಹವಳ ಸತ್ತರೆ ಪ್ರವಾಸಿಗೆ ನೋಟವೊಂದು ತಪ್ಪಬಹುದು. ದ್ವೀಪದವನಿಗೆ ಅನ್ನ ತಪ್ಪುತ್ತದೆ. ಅಲ್ಲಿಯವರು ಬಲೆ ಎಳೆಯದೆ ಗಾಳದ ಕೋಲಿನಿಂದ ಒಂದೊಂದಾಗಿ ಸೂರೆಮೀನು ಹಿಡಿಯುವವರು. ಅದಕ್ಕೆ ಬೇಕಾದ ಜೀವಂತ ಎರೆಮೀನು ಬೆಳೆಯುವುದು ಹವಳದ ಆಸರೆಯಲ್ಲಿ, ಒಳಗಡಲಿನ ತಿಳಿನೀರಿನಲ್ಲಿ.

ಇಲ್ಲಿ ಒಂದು ಸತ್ಯವನ್ನು ಒಪ್ಪಬೇಕು. ನಾವಿಬ್ಬರು ಹೋದೆವೆಂದು ಹವಳ ಸಾಯುವುದಿಲ್ಲ. ಹೋಗದೆ ಉಳಿದೆವೆಂದು ಬದುಕುವುದೂ ಇಲ್ಲ. ಅದನ್ನು ಕೊಲ್ಲುತ್ತಿರುವ ಕಾವಿನ ಒಂದು ಪಾಲು ನಾವು ಸುಡುವ ಕಲ್ಲಿದ್ದಲಿನದು. ಮಟಮಾರಿಯ ಜಿಲ್ಲೆಯಲ್ಲಿಯೇ, ಕೃಷ್ಣೆಯ ದಡದ ಶಕ್ತಿನಗರದಲ್ಲಿ, ೧೯೮೫ರಿಂದ ಕಲ್ಲಿದ್ದಲು ಉರಿಯುತ್ತಿದೆ. ಅಲ್ಲಿಯ ಎಂಟು ಘಟಕಗಳ ಸಾಮರ್ಥ್ಯ ೧೭೨೦ ಮೆಗಾವಾಟ್. ಪಕ್ಕದ ಯರಮರಸ್‌ನಲ್ಲಿ ೮೦೦ ಮೆಗಾವಾಟಿನ ಇನ್ನೆರಡು ಘಟಕಗಳು ಬಂದಿವೆ. ಬೂದಿ ರಾಯಚೂರಿನವರಿಗೆ, ಬೆಳಕು ದೂರದ ನಗರಗಳಿಗೆ, ಕಾವು ಕಡಲಿಗೆ. ಬಿಸಿಲಿನಿಂದ ಬೆಂದವನು ತಂಪಿಗೆಂದು ಓಡಿಹೋಗುವ ದ್ವೀಪವೂ ಅದೇ ಬೆಂಕಿಯಲ್ಲಿ ಬೇಯುತ್ತಿದೆ. ಹವಳವನ್ನು ಮುಟ್ಟಬೇಡಿ ಎಂಬ ಫಲಕ ಹಾಕಿ ಸುಮ್ಮನಾದರೆ ಈ ದೊಡ್ಡ ಲೆಕ್ಕ ಮುಚ್ಚಿಹೋಗುತ್ತದೆ.

ಕೃಷ್ಣೆಯ ಗಡ್ಡೆಯವರು

ದ್ವೀಪದ ಬದುಕು ಎಂಥದು ಎಂಬುದನ್ನು ತಿಳಿಯಲು ರಾಯಚೂರಿನವರು ಕಡಲು ದಾಟಬೇಕಾಗಿಲ್ಲ. ಅದೇ ತಾಲ್ಲೂಕಿನ ಕೃಷ್ಣೆಯಲ್ಲಿ ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆಗಳಿವೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರಕ್ಕೆ ಮಹಾರಾಷ್ಟ್ರ, ತೆಲಂಗಾಣಗಳಿಂದಲೂ ಭಕ್ತರು ಬರುತ್ತಾರೆ. ಲಿಂಗಸುಗೂರು ತಾಲ್ಲೂಕಿನ ನದಿಯ ಹರವಿನಲ್ಲಿ ಇನ್ನೂ ಕೆಲವು ಗಡ್ಡೆಗಳಿವೆ. ಈ ಗಡ್ಡೆಯ ಜನರಿಗೆ ಹೊಳೆ ದಾಟಲು ತಲೆಮಾರುಗಳಿಂದ ಹರಿಗೋಲೇ ಗತಿಯಾಗಿತ್ತು. ಬಸುರಿ ಹೆಂಗಸು, ಶಾಲೆಯ ಮಗು, ಸಂತೆಯ ಮೂಟೆ, ಎಲ್ಲವೂ ಅದರಲ್ಲಿಯೇ. ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ಹರಿಗೋಲೂ ನಿಲ್ಲುತ್ತದೆ; ೨೦೧೯ರ ಆಗಸ್ಟಿನ ಪ್ರವಾಹದಲ್ಲಿ ಆದದ್ದು ಹಾಗೆಯೇ. ಸೇತುವೆ ಕೊಡಿ ಎಂದು ಅವರು ಕೇಳುತ್ತ ಬಂದು ಎಷ್ಟು ಚುನಾವಣೆಗಳು ಕಳೆದಿವೆ!

ಪ್ರವಾಸಿಯ ಅನುಕೂಲಕ್ಕಾಗಿ ಕಡಲಿನ ಮೇಲೆ ವಿಲ್ಲಾ ಕಟ್ಟಲು ಯೋಜನೆ ಬೇಗ ಸಿದ್ಧವಾಗುತ್ತದೆ. ದ್ವೀಪದಲ್ಲಿ ಹುಟ್ಟಿದವನು ಆಸ್ಪತ್ರೆಗೆ ಹೋಗಲು ದಾರಿ ಕೇಳಿದರೆ ಕಡತ ತೆವಳುತ್ತದೆ. ಕಡಲಿರಲಿ, ಹೊಳೆಯಿರಲಿ, ನಮ್ಮ ಆಕ್ಷೇಪ ಇರುವುದು ಈ ತಾರತಮ್ಯಕ್ಕೆ. ಸೇತುವೆ ಬಂದರೆ ಅದರ ಬೆನ್ನಿಗೆ ಮರಳಿನ ಲಾರಿಗಳೂ ಬಂದಾವು ಎಂಬ ಅಂಜಿಕೆ ಸುಳ್ಳಲ್ಲ. ದೇವದುರ್ಗ, ಮಾನ್ವಿಗಳ ನದಿದಂಡೆಯ ಜನ ಮರಳು ದಂಧೆಯನ್ನು ಬಲ್ಲರು. ಆದರೆ ಆ ಅಂಜಿಕೆಯನ್ನು ಮುಂದಿಟ್ಟು ಅವರಿಗೆ ಸೇತುವೆ ಬೇಡವೆನ್ನಲು ದಡದಲ್ಲಿ ನಿಂತ ಪರಿಸರವಾದಿಗೆ ಯಾವ ಅಧಿಕಾರವೂ ಇಲ್ಲ. ಮರಳನ್ನು ತಡೆಯುವುದು ಸರ್ಕಾರದ ಕೆಲಸ. ಮಗುವನ್ನು ದಾಟಿಸುವುದೂ ಅದರದೇ ಕೆಲಸ.

ಆಗಬೇಕಾದದ್ದು

ಪ್ರವಾಸವನ್ನೇ ನಿಲ್ಲಿಸಿ ಎಂಬುದು ನಮ್ಮ ವಾದವಲ್ಲ. ಲಕ್ಷದ್ವೀಪಕ್ಕೆ ಅನುಮತಿಪತ್ರವಿಲ್ಲದೆ ಹೋಗುವಂತಿಲ್ಲ. ಈ ಕಟ್ಟುಪಾಡು ಒಳ್ಳೆಯದು, ಅದನ್ನು ಸಡಿಲಿಸಬಾರದು. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ಆರ್. ವಿ. ರವೀಂದ್ರನ್ ಅವರ ನೇತೃತ್ವದ ಸಮಿತಿಯನ್ನು ೨೦೧೨ರಲ್ಲಿ ಸುಪ್ರೀಂ ಕೋರ್ಟು ನೇಮಿಸಿತ್ತು. ದ್ವೀಪದ ಧಾರಣಶಕ್ತಿಯನ್ನು ಅಳೆದು, ಅಲ್ಲಿಯ ಪಂಚಾಯಿತಿಗಳನ್ನು ಕೇಳಿ ಮುಂದುವರಿಯಬೇಕೆಂಬ ದಾರಿಯನ್ನು ಆ ಸಮಿತಿ ತೋರಿತು. ಆ ದಾರಿಯನ್ನು ಬಿಟ್ಟು ಮಿನಿಕಾಯ್, ಸುಹೇಲಿ, ಕದ್ಮತ್‌ಗಳಲ್ಲಿ ನೀರಿನ ಮೇಲೆ ವಿಲ್ಲಾ ಕಟ್ಟುವ ಆತುರ ಏಕೆ? ಭೂಮಿಯ ಮೇಲೆ ಆಡಳಿತಕ್ಕೆ ಅಪಾರ ಅಧಿಕಾರ ಕೊಡುವ ಕರಡು ನಿಯಮಗಳನ್ನು ೨೦೨೧ರಲ್ಲಿ ದ್ವೀಪದ ಜನ ಒಗ್ಗಟ್ಟಾಗಿ ವಿರೋಧಿಸಿದರು. ಅಲ್ಲಿಯ ನಿವಾಸಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಅವರ ನೆಲದ ಹಕ್ಕು ಸಡಿಲವಾದರೆ ಅವರೇ ತಮ್ಮ ದ್ವೀಪದಲ್ಲಿ ಕೂಲಿಯವರಾಗುವ ಕಾಲ ದೂರವಿಲ್ಲ. ಮಲೆನಾಡಿನಲ್ಲಿ ಕಾಫಿತೋಟ ರೆಸಾರ್ಟಾಗಿ, ತೋಟದ ಮನೆಯವನೇ ಅದರ ಕಾವಲುಗಾರನಾದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಟಮಾರಿಯ ಗೆಳೆಯರಿಗೆ ನನ್ನ ಉತ್ತರ ಇಷ್ಟು: ಹೋಗೋಣ, ಆದರೆ ಅತಿಥಿಗಳಾಗಿ. ಕೊಚ್ಚಿಯಿಂದ ಹಡಗಿನಲ್ಲಿ ಹೋಗೋಣ. ದ್ವೀಪದವರೇ ನಡೆಸುವ ತಂಗುಮನೆಯಲ್ಲಿ ಇಳಿಯೋಣ. ಅವರು ಕೊಟ್ಟಷ್ಟೇ ನೀರಿನಲ್ಲಿ ಮೀಯೋಣ. ನಮ್ಮ ಪ್ಲಾಸ್ಟಿಕ್ಕನ್ನು ನಮ್ಮ ಚೀಲದಲ್ಲಿಯೇ ಮರಳಿ ತರೋಣ. ಅದಕ್ಕೂ ಮೊದಲು ಒಂದು ದಿನ ಕೃಷ್ಣೆಯ ಗಡ್ಡೆಗೆ ಹೋಗಿ, ಅಲ್ಲಿಯವರು ಮಳೆಗಾಲವನ್ನು ಹೇಗೆ ಕಳೆಯುತ್ತಾರೆ ಎಂಬುದನ್ನು ಕೇಳಿ ಬರೋಣ.

ಓದುಗರಲ್ಲಿ ನಮ್ಮ ವಿನಂತಿಯೂ ಇದೇ. ಈ ವರ್ಷ ಯಾವ ದ್ವೀಪಕ್ಕೆ, ಯಾವ ಬೆಟ್ಟಕ್ಕೆ ಹೊರಟರೂ ಮೂರು ಪ್ರಶ್ನೆಗಳನ್ನು ಕೇಳಿರಿ. ನಾನು ಕುಡಿಯುವ ನೀರು ಯಾರ ಪಾಲಿನದು? ನಾನು ಬಿಡುವ ಕಸ ಎಲ್ಲಿಗೆ ಹೋಗುತ್ತದೆ? ನಾನು ಕೊಡುವ ಹಣ ಯಾರ ಕೈ ಸೇರುತ್ತದೆ? ಉತ್ತರ ಸಿಗದ ಜಾಗಕ್ಕೆ ಹೋಗದಿರುವುದೇ ಲೇಸು.