ಮೊರಟೋರಿಯಂ ಅಂದ್ರೆ ಏನು? ಅಪ್ಪನಿಗೆ ಹೇಳಿ ನೋಡೋಣ

ಸೆಮಿಸ್ಟರ್‌ಗೊಮ್ಮೆ ನಮಗೆ ಎರಡು ತರಬೇತಿ ಗ್ಯಾರಂಟಿ. ಬೆಳಗ್ಗೆ ಪಬ್ಲಿಕ್ ಸ್ಪೀಕಿಂಗ್, ಊಟ ಆದ್ಮೇಲೆ ಮನಿ ಮ್ಯಾನೇಜ್‌ಮೆಂಟ್. ಬೆಳಗ್ಗೆ ಲೀಡರ್‌ಶಿಪ್ ಬಗ್ಗೆ ಇಂಗ್ಲಿಷಲ್ಲಿ ಎರಡು ನಿಮಿಷ ಮಾತಾಡ್ತೀವಿ, ಮಧ್ಯಾಹ್ನ ಎಸ್‌ಐಪಿ ಸ್ಲೈಡ್ ನೋಡ್ತೀವಿ. ತಿಂಗಳ ಕೊನೆಗೆ ಕ್ಯಾಂಟೀನಲ್ಲಿ ಸಾಲ ಹೇಳೋ ನಮಗೆ ಎಸ್‌ಐಪಿ!

ತರಬೇತಿ ದಂಡ ಅಂತ ಅಲ್ಲ. ಎಷ್ಟೋ ಜನರ ಸ್ಟೇಜ್ ಭಯ ಹೋಗಿದೆ. ಆದರೆ ಈ ಎರಡನ್ನೂ ಬೇರೆ ಬೇರೆ ಇಟ್ಟಿರೋದೇ ನಮ್ಮ ತಕರಾರು.

ನಮ್ಮಲ್ಲಿ ಹಲವರು ಓದ್ತಿರೋದು ಎಜುಕೇಶನ್ ಲೋನಲ್ಲಿ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿಗೆ ಮಾತ್ರ ಆ ರಜೆ ಇಲ್ಲ. ಪ್ರತಿ ವರ್ಷದ ಶುರುವಿಗೆ 1 ಲಕ್ಷದಂತೆ 4 ವರ್ಷ ತಗೊಂಡ್ರೆ, ಶೇ. 10ರ ಸರಳಬಡ್ಡಿ ಹಿಡಿದರೂ ಮೊದಲ ಕಂತಿನ ಹೊತ್ತಿಗೆ ಬಡ್ಡಿಯೇ 1.4 ಲಕ್ಷ. ಜೊತೆಗೆ ಸಹಿ ಹಾಕಿದ ಅಪ್ಪನಿಗೆ ಇದು ಗೊತ್ತಾ? ಹೇಳಬೇಕಾದವರು ನಾವೇ. ಆದರೆ ಇಂಗ್ಲಿಷ್ ಮೀಡಿಯಂನ ನಮ್ಮ ಬಾಯಿಗೆ ಅಸಲು, ಕಂತು, ಜಾಮೀನು ಅನ್ನೋ ಪದಗಳು ಬರೋದೇ ಇಲ್ಲ. 'ಮೊರಟೋರಿಯಂ ಇದೆ ಅಪ್ಪ' ಅಂದು ಫೋನ್ ಇಡ್ತೀವಿ.

ಹಾಗಾಗಿ ಒಂದು ಸೆಷನ್ ಹೀಗಿರಲಿ: ಒಂದು ಲೋನಿನ ಲೆಕ್ಕವನ್ನ ಐದು ನಿಮಿಷ ಕನ್ನಡದಲ್ಲಿ ವಿವರಿಸಬೇಕು. ಅಂಕಿಗಳು ಕಲ್ಪಿತವೇ ಇರಲಿ, ಮನೆಯ ಸಾಲ ಕ್ಲಾಸಿಗೆಲ್ಲ ಗೊತ್ತಾಗೋದು ಬೇಡ. ಕೇಳುಗರಲ್ಲಿ ಒಬ್ಬರು ಅಪ್ಪ, ಇನ್ನೊಬ್ಬರು ಬ್ಯಾಂಕ್ ಮ್ಯಾನೇಜರ್. ಇಬ್ಬರೂ ಪ್ರಶ್ನೆ ಕೇಳಲಿ. ಪ್ಲೇಸ್‌ಮೆಂಟಿಗೆ ಇಂಗ್ಲಿಷ್ ಬೇಕೇ ಬೇಕು, ಆ ಸೆಷನ್ ಹಾಗೇ ಇರಲಿ. ಎಸ್‌ಐಪಿ ಸ್ಲೈಡ್‌ಗಳಲ್ಲಿ ಅರ್ಧ ತೆಗೆದರೆ ಇದಕ್ಕೆ ಟೈಮ್ ಸಿಗುತ್ತೆ.